ಅಧಿಕೃತ ಡೀಲರ್ ಹತ್ತಿರ ದುಬಾರಿ ವಾಚು: ಕಾರವಾರ, ಶಿರಸಿ ಕಡೆಯವರು ಹೊರಡುವ ಮೊದಲು

ದುಡ್ಡು ಕೊಟ್ಟು ವಾಚು ಕಟ್ಟಿಕೊಂಡು ಬರುವ ಲೆಕ್ಕ ರೋಲೆಕ್ಸಿನ ಕೆಲವು ಮಾದರಿಗಳಿಗೆ ನಡೆಯುವುದಿಲ್ಲ. ಬೆಂಗಳೂರಿನ ಶೋರೂಮಿನಲ್ಲಿ ಗಾಜಿನೊಳಗೆ ಸಬ್‌ಮರೀನರ್ ಹೊಳೆಯುತ್ತಿರುತ್ತದೆ. ಕೇಳಿದರೆ "ಸರ್, ಅದು ಡಿಸ್‌ಪ್ಲೇ ಪೀಸ್, ಮಾರಾಟಕ್ಕಲ್ಲ. ಹೆಸರು ಬರೆಸಿ ಹೋಗಿ" ಎನ್ನುತ್ತಾರೆ. ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲೋ ಶಿರಸಿಯ ಸ್ಲೀಪರ್ ಬಸ್ಸಿನಲ್ಲೋ ರಾತ್ರಿಯಿಡೀ ಪ್ರಯಾಣ ಮಾಡಿ ಹೋದವರಿಗೆ ಸಿಟ್ಟು ಬರದೆ ಇರುತ್ತದೆಯೇ? ಮನೆಯಲ್ಲೇ ಕುಳಿತು ಮುಗಿಸಬೇಕಾದ ಕೆಲಸ ಸಾಕಷ್ಟಿದೆ, ಅದನ್ನು ಮೊದಲು ಮುಗಿಸಿ.

ನಿಮಗೆ ಬೇಕಾದ ವಾಚು ಸುಲಭಕ್ಕೆ ಸಿಗುವಂಥದ್ದೋ ಅಲ್ಲವೋ ಎಂಬುದು ಮೊದಲ ಪ್ರಶ್ನೆ. ಒಮೆಗಾ ಸೀಮಾಸ್ಟರ್, ಟ್ಯೂಡರ್ ಬ್ಲ್ಯಾಕ್ ಬೇ, ಲಾಂಜೀನ್, ಟ್ಯಾಗ್ ಹೋಯರ್ ಸಾಮಾನ್ಯವಾಗಿ ಅಂಗಡಿಯಲ್ಲೇ ಇರುತ್ತವೆ, ಇಲ್ಲದಿದ್ದರೆ ತರಿಸಿಕೊಡುತ್ತಾರೆ. ಇವುಗಳಲ್ಲಿ ಹಲವಕ್ಕೆ ರಿಯಾಯಿತಿ ಕೇಳಬಹುದು. ದರ ಇಳಿಸದಿದ್ದರೆ ಕೈಗೆ ಕಟ್ಟುವ ಇನ್ನೊಂದು ಪಟ್ಟಿಯನ್ನಾದರೂ ಕೊಡಿ ಎನ್ನಿ. ಸಂಕೋಚಪಟ್ಟರೆ ನಷ್ಟ ನಿಮಗೇ. ರೋಲೆಕ್ಸ್ ಡೇಟೋನಾ, ಸ್ಟೀಲಿನ ಜಿಎಂಟಿ-ಮಾಸ್ಟರ್, ಪಾಟೆಕ್ ಫಿಲಿಪ್ ನಾಟಿಲಸ್, ಓಡೆಮಾರ್ ಪಿಗೆ ರಾಯಲ್ ಓಕ್ ಇವುಗಳ ಕಥೆಯೇ ಬೇರೆ. ಅಲ್ಲಿ ಗಿರಾಕಿ ವಾಚನ್ನು ಆರಿಸುವುದಿಲ್ಲ, ಅಂಗಡಿಯೇ ಗಿರಾಕಿಯನ್ನು ಆರಿಸುತ್ತದೆ. ರೋಲೆಕ್ಸಿನದೇ ಡೇಟ್‌ಜಸ್ಟ್, ಆಯ್‌ಸ್ಟರ್ ಪರ್ಪೆಚುವಲ್ ನಡುವಿನವು: ಡಯಲ್ ಬಣ್ಣದ ಹಟ ಬಿಟ್ಟರೆ ಬೇಗ ಸಿಗಬಹುದು.

ಡೀಲರ್ ಅಧಿಕೃತ ಹೌದೋ ಅಲ್ಲವೋ ಎಂಬುದನ್ನು ಅಂಗಡಿಯ ಬೋರ್ಡು ನೋಡಿ ನಂಬಬೇಡಿ. ಕಂಪನಿಯ ಸ್ವಂತ ಜಾಲತಾಣದಲ್ಲಿ ಮಳಿಗೆಗಳ ಪಟ್ಟಿ ಇರುತ್ತದೆ, ಅಲ್ಲಿ ಅದೇ ವಿಳಾಸ ಇರಬೇಕು. ಒಂದು ಬ್ರ್ಯಾಂಡಿಗೆ ಅಧಿಕೃತವಾದ ಅಂಗಡಿ ಇನ್ನೊಂದಕ್ಕೂ ಅಧಿಕೃತವಾಗಿರಬೇಕೆಂದಿಲ್ಲ. ಬಹಳ ಜನ ಎಡವುವುದು ಇಲ್ಲೇ.

ವೇಟಿಂಗ್ ಲಿಸ್ಟ್ ಎಂಬ ಹೆಸರು

ರೈಲಿನ ವೇಟಿಂಗ್ ಲಿಸ್ಟಿನಲ್ಲಿ 14 ಇದ್ದದ್ದು 9ಕ್ಕೆ ಇಳಿದದ್ದು ಕಣ್ಣಿಗೆ ಕಾಣುತ್ತದೆ. ಇಲ್ಲಿ ನಂಬರೇ ಇಲ್ಲ. ಅದು ಆಸಕ್ತರ ಪಟ್ಟಿ ಅಷ್ಟೇ. ಬಂದ ಮಾಲು ಯಾರಿಗೆಂದು ಅಂಗಡಿಯವರು ತೀರ್ಮಾನಿಸುತ್ತಾರೆ. ಹಳೇ ಗಿರಾಕಿಗೆ, ವಾಚನ್ನು ಮರುದಿನವೇ ಮಾರಿಕೊಳ್ಳುವುದಿಲ್ಲ ಎಂದು ಅನಿಸಿದವರಿಗೆ ಮೊದಲ ಆದ್ಯತೆ. ಹೀಗಾಗಿ "ಯಾವುದಾದರೂ ಸ್ಪೋರ್ಟ್ಸ್ ಮಾಡೆಲ್ ಕೊಡಿ" ಎಂದವರನ್ನು ಮರುಮಾರಾಟದ ದಲ್ಲಾಳಿ ಎಂದೇ ಎಣಿಸುತ್ತಾರೆ.

ಮಾದರಿಯ ಹೆಸರು, ಡಯಲ್ ಬಣ್ಣ, ಚೈನಿನ ನಮೂನೆ ಮೂರನ್ನೂ ಖಚಿತವಾಗಿ ಹೇಳಿ, ಜೊತೆಗೆ ಒಪ್ಪಬಹುದಾದ ಒಂದು ಪರ್ಯಾಯವನ್ನೂ ಕೊಡಿ. ಮೊದಲ ಭೇಟಿಗೆ ಅಪಾಯಿಂಟ್‌ಮೆಂಟ್ ಪಡೆದು ಒಮ್ಮೆ ಖುದ್ದಾಗಿ ಹೋಗಿ, ಮುಖಪರಿಚಯ ಇಲ್ಲದೆ ಕೆಲಸ ಆಗುವುದು ಕಡಿಮೆ. ಆಮೇಲೆ ಆರೆಂಟು ವಾರಕ್ಕೊಂದು ವಾಟ್ಸಾಪ್ ಸಾಕು: "ನಮಸ್ಕಾರ ಸರ್, ಶಿರಸಿಯಿಂದ. ಕಪ್ಪು ಡಯಲಿನ ಸಬ್‌ಮರೀನರ್ ಕೇಳಿದ್ದೆ, ಈಗಲೂ ಬೇಕು. ಕರೆದರೆ ಎರಡು ದಿನದಲ್ಲಿ ಬರುತ್ತೇನೆ." ವಾರವಾರ ಫೋನು ಮಾಡಿದರೆ ಎತ್ತುವುದನ್ನೇ ಬಿಡುತ್ತಾರೆ.

ಸೇಲ್ಸ್‌ನವರು ಕೆಲಸ ಬಿಟ್ಟು ಬೇರೆ ಕಡೆ ಹೋಗುವುದುಂಟು. ನಿಮ್ಮ ಹೆಸರು ಅವರ ಡೈರಿಯಲ್ಲೋ ಫೋನಿನಲ್ಲೋ ಮಾತ್ರ ಇದ್ದರೆ ಕಾದದ್ದೆಲ್ಲ ನೀರಿನಲ್ಲಿ ಹೋಮ. ಅಂಗಡಿಯ ಕಂಪ್ಯೂಟರಿನಲ್ಲಿ ದಾಖಲಿಸಿದ್ದಾರೆಯೇ ಕೇಳಿ, ಒಂದು ಇ-ಮೇಲ್ ಹಾಕಿಸಿಕೊಳ್ಳಿ. ಮುಂಗಡ ಕೇಳಿದರೆ ರಸೀದಿಯಲ್ಲಿ ಮಾದರಿ ಮತ್ತು ದುಡ್ಡು ವಾಪಸಿನ ಷರತ್ತು ಎರಡೂ ಬರೆದಿರಬೇಕು.

"ಈ ನೆಕ್ಲೇಸ್ ತೆಗೆದುಕೊಳ್ಳಿ, ನೋಡೋಣ"

ನೇರವಾಗಿ ಹೇಳದಿದ್ದರೂ ಮಾತು ಅತ್ತ ವಾಲುತ್ತದೆ: ಒಡವೆ ಖರೀದಿಸಿ, ಇಲ್ಲವೇ ಮಾರಾಟವಾಗದೆ ಉಳಿದ ಎರಡು ವಾಚು ತೆಗೆದುಕೊಳ್ಳಿ, ನಿಮ್ಮ ಪ್ರೊಫೈಲ್ ಚೆನ್ನಾಗಾಗುತ್ತದೆ. ಒಂದನ್ನು ಕೊಳ್ಳಲು ಇನ್ನೊಂದನ್ನು ಕೊಳ್ಳಲೇಬೇಕು ಎಂಬ ಷರತ್ತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಿರ್ಬಂಧಕ ವ್ಯಾಪಾರ ಪದ್ಧತಿ. ಸಹಾಯವಾಣಿ 1915ಕ್ಕೆ ಹೇಳಬಹುದು. ದುಡ್ಡು ಕೊಟ್ಟು ಮೋಸಹೋದ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಅಂದರೆ ನಮ್ಮವರಿಗೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗ ಸಾಕು. ಆದರೆ ಷರತ್ತನ್ನು ಯಾರೂ ಬರೆದುಕೊಡುವುದಿಲ್ಲವಾದ್ದರಿಂದ ಸಾಬೀತು ಕಷ್ಟ. ಮನೆಯವರಿಗೆ ನಿಜವಾಗಿ ಒಡವೆ ಬೇಕಿದ್ದರೆ ಕೊಳ್ಳಿ. ಬೇಡದ್ದಕ್ಕೆ ಮೂರು ಲಕ್ಷ ಸುರಿದು ವಾಚು ಹಿಡಿದರೆ, ಆ ವಾಚಿನ ಬೆಲೆ ಮೂರು ಲಕ್ಷ ಹೆಚ್ಚು ಎಂದೇ ಲೆಕ್ಕ. ಹೊರಗಿನ ಸೆಕೆಂಡ್‌ಹ್ಯಾಂಡ್ ದರದ ಜೊತೆ ಹೋಲಿಸಿ ನೋಡಿ, ಎಷ್ಟೋ ಸಲ ಅದೇ ಅಗ್ಗ.

ದುಡ್ಡಿನ ಏರ್ಪಾಡು

ಅಡಿಕೆ ಮಾರಿದ ದುಡ್ಡನ್ನು ನಗದಾಗಿ ಒಯ್ಯುವ ಯೋಚನೆ ಇದ್ದರೆ ಬಿಡಿ. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ, ಎರಡು ದಿನಕ್ಕೆ ಹಂಚಿ ಕೊಟ್ಟರೂ ವ್ಯವಹಾರ ಒಂದೇ. 2 ಲಕ್ಷ ಮೀರಿದ ಖರೀದಿಗೆ ಪ್ಯಾನ್ ಕೇಳುತ್ತಾರೆ. ಬೆಲೆ 10 ಲಕ್ಷ ಮೀರಿದರೆ 2025ರ ಏಪ್ರಿಲ್ 22ರಿಂದ ಶೇ. 1 ಟಿಸಿಎಸ್ (ಅಂಗಡಿಯವರೇ ವಸೂಲಿ ಮಾಡಿ ಕಟ್ಟುವ ಆದಾಯ ತೆರಿಗೆ) ಸೇರುತ್ತದೆ: 12 ಲಕ್ಷಕ್ಕೆ 12,000. ಅದು ನಿಮ್ಮ ಪ್ಯಾನಿಗೆ ಜಮೆಯಾಗುತ್ತದೆ, ರಿಟರ್ನ್ ಹಾಕಿ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು.

ಕರೆ ಬಂದ ಮೇಲೆ ವಾಚನ್ನು ಒಂದೆರಡು ದಿನವಷ್ಟೇ ಹಿಡಿದಿಡುತ್ತಾರೆ. ಹೊಸ ಖಾತೆ ಸೇರಿಸಿದ ಮೊದಲ ದಿನ ದೊಡ್ಡ ಮೊತ್ತ ಕಳಿಸಲು ಹಲವು ಬ್ಯಾಂಕುಗಳು ಬಿಡುವುದಿಲ್ಲ. ಆದ್ದರಿಂದ ಅಂಗಡಿಯ ಖಾತೆಯನ್ನು ಮೊದಲೇ ಸೇರಿಸಿಟ್ಟು, ಆರ್‌ಟಿಜಿಎಸ್ ಮಿತಿ ಏರಿಸಿಟ್ಟುಕೊಳ್ಳಿ. ಕೊನೆ ಗಳಿಗೆಯಲ್ಲಿ ದುಡ್ಡು ಹೋಗದೆ ವಾಚು ಮುಂದಿನವರ ಪಾಲಾಗುವುದು ಹೀಗೇ.

ಭಟ್ಕಳ, ಹೊನ್ನಾವರದ ಕಡೆ ದುಬೈಯಿಂದ ತರಿಸುವ ವಾಡಿಕೆ ಇದೆ. ಕಂಪನಿಯ ಅಂತರರಾಷ್ಟ್ರೀಯ ವಾರಂಟಿ ಇಲ್ಲೂ ನಡೆಯುತ್ತದೆ, ಆದರೆ ಕೈಗೆ ಕಟ್ಟಿಕೊಂಡು ಬಂದರೂ ಸುಂಕವಿಲ್ಲದೆ ತರಬಹುದಾದ ಮಿತಿ ಮೀರಿದರೆ ಕಸ್ಟಮ್ಸ್ ಸುಂಕ ಕಟ್ಟಬೇಕು. ಮಂಗಳೂರೋ ಗೋವಾವೋ, ರೆಡ್ ಚಾನೆಲ್‌ನಲ್ಲಿ (ಸುಂಕದ ಸಾಮಾನು ಇರುವವರ ದಾರಿ) ಬಿಲ್ಲು ತೋರಿಸಿ. ಇಲ್ಲಿಂದ ದುಬಾರಿ ವಾಚು ಕಟ್ಟಿಕೊಂಡು ಹೋಗುವವರು ಹೋಗುವಾಗಲೇ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿಕೊಂಡರೆ ವಾಪಸು ಬರುವಾಗ ವಾದ ಇರುವುದಿಲ್ಲ. ಇನ್ನು ಸ್ವಿಜರ್ಲೆಂಡ್ ಸೇರಿದಂತೆ ಯುರೋಪಿನ ನಾಲ್ಕು ದೇಶಗಳ ಕೂಟವಾದ ಎಫ್ಟಾ ಜೊತೆ ಭಾರತದ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಸ್ವಿಸ್ ವಾಚುಗಳ ಆಮದು ಸುಂಕ ಹಂತಹಂತವಾಗಿ ಇಳಿಯಲಿದೆ. ಒಂದೇ ಸಲಕ್ಕೆ ಬೆಲೆ ಕುಸಿಯುತ್ತದೆಂದು ಕಾಯಬೇಡಿ.

ಕೈಗೆ ಬಂದಾಗ

ಕೇಕ್, ಶಾಂಪೇನ್, ಫೋಟೋ ಎಲ್ಲ ಆಮೇಲೆ. ವಾರಂಟಿ ಕಾರ್ಡಿನ ಸೀರಿಯಲ್ ನಂಬರು, ವಾಚಿನ ಮೇಲಿನದು, ಬಿಲ್ಲಿನದು ಮೂರೂ ಒಂದೇ ಇರಬೇಕು. ಈಗಿನ ರೋಲೆಕ್ಸಿನಲ್ಲಿ ಡಯಲಿನ ಸುತ್ತಿನ ಒಳ ಅಂಚಿನಲ್ಲಿ 6ರ ಬಳಿ ಕೆತ್ತಿರುತ್ತದೆ, ಭೂತಗನ್ನಡಿ ಕೇಳಿ ಪಡೆಯಿರಿ. ಕಾರ್ಡಿನಲ್ಲಿ ಅಂದಿನ ತಾರೀಖು ದಾಖಲಾಗಿರಬೇಕು. ರೋಲೆಕ್ಸ್, ಒಮೆಗಾ ಎರಡಕ್ಕೂ ವಾರಂಟಿ 5 ವರ್ಷ. ಕೆಲವರು ಮರುಮಾರಾಟ ತಡೆಯಲೆಂದು ಕಾರ್ಡನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತೇವೆ ಎನ್ನುತ್ತಾರೆ. ಒಪ್ಪಬೇಡಿ, ಒಪ್ಪಲೇಬೇಕಾದರೆ ಯಾವತ್ತು ಕೊಡುತ್ತಾರೆಂದು ಬರೆಸಿಕೊಳ್ಳಿ. ಟಿಸಿಎಸ್ ಬಿಟ್ಟರೆ ಎಂಆರ್‌ಪಿಗಿಂತ ಒಂದು ರೂಪಾಯಿಯೂ ಹೆಚ್ಚು ಕೊಡಬೇಕಿಲ್ಲ.

ಮುಳ್ಳುಗಳನ್ನು 12ಕ್ಕೆ ತಂದು ಎರಡೂ ಕೂಡುತ್ತವೆಯೇ ನೋಡಿ. ಬೆಜೆಲ್ (ಗಾಜಿನ ಸುತ್ತಲಿನ ಬಳೆ) ತಿರುಗುವಂಥದ್ದಾದರೆ ತಿರುಗಿಸಿ ನೋಡಿ, ಅದರ ಚುಕ್ಕೆ ನೇರ 12ರ ಮೇಲೆ ನಿಲ್ಲಬೇಕು. ಕ್ರೌನ್ (ಕೀಲಿ ಕೊಡುವ ಪಕ್ಕದ ಗುಂಡಿ) ಬಿಚ್ಚಿ ಮತ್ತೆ ತಿರುಪಿ, ಎಳೆ ಸಿಕ್ಕಿಕೊಳ್ಳಬಾರದು.

ಚೈನನ್ನು ಬೆಂಗಳೂರಿನ ಏಸಿಯಲ್ಲಿ ಬಿಗಿಯಾಗಿ ಕೂರಿಸಿದರೆ ಕಾರವಾರದ ಏಪ್ರಿಲ್ ಸೆಕೆಯಲ್ಲಿ ಮಣಿಕಟ್ಟು ಊದಿ ಕಚ್ಚುತ್ತದೆ. ಕಿರುಬೆರಳು ತೂರುವಷ್ಟು ಸಡಿಲ ಬಿಡಿಸಿ. ಸಬ್‌ಮರೀನರ್ ಚೈನನ್ನು ಅದರ ಬಕಲಿನಲ್ಲೇ 2 ಮಿಲಿಮೀಟರಿನ ಮೆಟ್ಟಿಲಿನಂತೆ ಹಿಗ್ಗಿಸಬಹುದು, ಉಳಿದವಕ್ಕೆ ಆ ಅನುಕೂಲ ಇದೆಯೇ ಕೇಳಿಕೊಳ್ಳಿ. ತೆಗೆದ ಕೊಂಡಿಗಳನ್ನು ಎಣಿಸಿ ಪೆಟ್ಟಿಗೆಗೆ ಹಾಕಿಸಿ. ಅಂಗಡಿಯಲ್ಲೇ ಬಿಟ್ಟು ಬಂದರೆ ಬೇರೆಯಾಗಿ ಕೊಳ್ಳುವಾಗ ಬೆಲೆ ಕೇಳಿ ದಂಗಾಗುತ್ತೀರಿ. ಚರ್ಮದ ಪಟ್ಟಿ ನಮ್ಮ ಕರಾವಳಿಯ ಮಳೆಗಾಲಕ್ಕೆ ಆಗಿಬರುವುದಿಲ್ಲ, ಬೂಸು ಹಿಡಿಯುತ್ತದೆ. ಸ್ಟೀಲೋ ರಬ್ಬರೋ ಇರಲಿ. ಸಮುದ್ರಕ್ಕೆ ಇಳಿದು ಬಂದ ದಿನ ಕ್ರೌನ್ ಬಿಗಿಯಾಗಿದೆಯೇ ನೋಡಿಕೊಂಡು ಸಿಹಿನೀರಿನಲ್ಲಿ ತೊಳೆದು ಒರೆಸಿಡಿ.