ಒಪ್ಪಂದದಿಂದ ‘ಫಲಾನುಭವಿ’ ಅನ್ನೋ ಪದ ತೆಗೆಸಿದೆವು

ಸಣ್ಣ ರೈತರ ಸಂಘವೊಂದರ ಕಾರ್ಯದರ್ಶಿಯಾಗಿ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಆ ಅವಧಿಯಲ್ಲಿ ಎರಡು ಅಭಿವೃದ್ಧಿ ಸಂಸ್ಥೆಗಳ ಜೊತೆ ಒಪ್ಪಂದ ಆಯ್ತು. ಮೊದಲನೆಯದು ಕೈಕೊಟ್ಟಿತು, ಎರಡನೆಯದು ಇವತ್ತಿಗೂ ನಡೀತಿದೆ. ಜಮೀನು ಅದೇ, ಸದಸ್ಯರೂ ಹೆಚ್ಚುಕಮ್ಮಿ ಅವರೇ. ಬದಲಾಗಿದ್ದು ಸಹಿ ಹಾಕುವ ಮೊದಲು ನಡೆದ ಮಾತುಕತೆ.

ಮೊದಲ ಸಲ ಸಂಸ್ಥೆಯವರು ಬಂದಾಗ ಯೋಜನೆ ಆಗಲೇ ಸಿದ್ಧವಾಗಿತ್ತು. ಬಜೆಟ್, ಗುರಿ, ಮೂರು ವರ್ಷದ ವೇಳಾಪಟ್ಟಿ ಎಲ್ಲ. ನಾವು ಹೆಸರುಗಳ ಪಟ್ಟಿ ಕೊಟ್ಟು ಸಹಿ ಹಾಕಿದೆವು. ದುಡ್ಡು ಅವರ ಖಾತೆಯಲ್ಲೇ ಇತ್ತು, ಖರೀದಿಯೂ ಅವರದೇ. ನಮ್ಮ ಕೆಲಸ ಅಂದ್ರೆ ತರಬೇತಿಗೆ ಜನ ಸೇರಿಸೋದು, ಹಾಜರಿ ಹಾಕಿಸೋದು. ಬೀಜದ ಕಂತು ಬಿಡುಗಡೆ ಆಗಲು ಹಿಂದಿನ ಕಂತಿನ ವರದಿಗೆ ಒಪ್ಪಿಗೆ ಸಿಗಬೇಕಿತ್ತು, ಅದು ಸಿಗುವಷ್ಟರಲ್ಲಿ ಮಳೆ ಬಂದು ಭೂಮಿ ಹದಕ್ಕೆ ಬಂದಿತ್ತು, ಕಾಯೋಕಾಗದೆ ಸದಸ್ಯರು ಸಾಲ ಮಾಡಿ ಬೀಜ ತಂದು ಬಿತ್ತಿ ಮುಗಿಸಿದ್ದರು. ಸಂಸ್ಥೆಯ ಬೀಜ ಬಂದಾಗ ಪೈರು ಮೊಣಕಾಲೆತ್ತರ ಬೆಳೆದಿತ್ತು. ಆದರೂ ವರದಿಯಲ್ಲಿ ‘ಬೀಜ ವಿತರಣೆ ಪೂರ್ಣ’ ಅಂತ ಹೋಯ್ತು. ಅದಕ್ಕೆ ಸಹಿ ಹಾಕಿದವನು ನಾನು. ಈಗಲೂ ಅದು ಮನಸ್ಸಿಗೆ ಚುಚ್ಚುತ್ತದೆ.

ಯೋಜನೆ ಮುಗಿದ ತಿಂಗಳೇ ಅವರು ನೇಮಿಸಿದ್ದ ಸಿಬ್ಬಂದಿ ಹೊರಟರು. ಗೋದಾಮಿಗೆ ಬೀಗ ಬಿತ್ತು. ಅದನ್ನು ನಡೆಸೋಕೆ ನಮ್ಮ ಹತ್ತಿರ ಒಬ್ಬ ಲೆಕ್ಕಿಗನೂ ಇರಲಿಲ್ಲ.

ಆಮೇಲೆ ಒಂದು ವರ್ಷ ಯಾರ ಬಾಗಿಲಿಗೂ ಹೋಗಲಿಲ್ಲ. ಲೆಕ್ಕಪತ್ರ ಸರಿ ಮಾಡಿಕೊಂಡೆವು. ಪ್ರತಿ ಖರ್ಚಿಗೂ ವೋಚರ್, ಎರಡು ಸಹಿ ಇಲ್ಲದೆ ದುಡ್ಡು ತೆಗೆಯೋ ಹಾಗಿಲ್ಲ, ಹೊರಗಿನವರಿಂದ ಆಡಿಟ್, ಆ ವರದಿಯನ್ನು ಸರ್ವಸದಸ್ಯರ ಸಭೆಯಲ್ಲಿ ಗಟ್ಟಿಯಾಗಿ ಓದೋದು. ಇದು ಬೇಸರದ ಕೆಲಸ, ನಿಜ. ಆದರೆ ‘ದುಡ್ಡು ನಮ್ಮ ಖಾತೆಗೇ ಬರಲಿ’ ಅಂತ ಕೇಳೋ ಧೈರ್ಯ ಬಂದಿದ್ದು ಇದರಿಂದಲೇ.

ಯೋಜನೆಯನ್ನೂ ನಾವೇ ಬರೆದೆವು. ಗುಂಪು ಗುಂಪಾಗಿ ಕೂತು ಮಾತಾಡಿದಾಗ ಗಂಡಸರು ಬೀಜ, ಗೊಬ್ಬರ ಅಂದರು. ಹೆಂಗಸರ ಗುಂಪಿನಲ್ಲಿ ಬೇರೆಯೇ ವಿಷಯ ಬಂತು. ಕೊಯ್ಲಾದ ಮೇಲೆ ಕಾಳು ಸರಿಯಾಗಿ ಒಣಗದೆ ಬೂಷ್ಟು ಹಿಡಿಯುತ್ತೆ, ವ್ಯಾಪಾರಿ ಅದನ್ನೇ ನೆಪ ಮಾಡಿ ಬೆಲೆ ಇಳಿಸುತ್ತಾನೆ, ಮೊದಲು ಟಾರ್ಪಾಲು, ತೇವಾಂಶ ನೋಡೋ ಮೀಟರು ಕೊಡಿಸಿ ಅಂದರು. ಅದೇ ಯೋಜನೆಯ ಮೊದಲ ಸಾಲು ಆಯ್ತು.

ಎರಡನೇ ಸಂಸ್ಥೆಯವರ ಮುಂದೆ ಈ ಹಾಳೆಗಳನ್ನಿಟ್ಟಾಗ ಅವರಿಗೆ ಅನುಮಾನ ಬಂದಿದ್ದು ಸಹಜ. ನೇರವಾಗಿ ರೈತ ಸಂಘಕ್ಕೆ ಹಣ ಕೊಡೋದು ಎಲ್ಲಾದರೂ ಇದೆಯಾ ಅಂತ ಕೇಳಿದರು. ಇದೆ ಅಂದೆವು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೂ ಪಾಲುದಾರನಾಗಿರುವ ‘ಫಾರೆಸ್ಟ್ ಅಂಡ್ ಫಾರ್ಮ್ ಫೆಸಿಲಿಟಿ’ ಅನ್ನೋ ಕಾರ್ಯಕ್ರಮ ಉತ್ಪಾದಕರ ಸಂಘಗಳಿಗೇ ನೇರ ಅನುದಾನ ಕೊಡುತ್ತದೆ. ವಿಶ್ವಸಂಸ್ಥೆ 2018ರಲ್ಲಿ ಒಪ್ಪಿದ ರೈತರ ಹಕ್ಕುಗಳ ಘೋಷಣೆಯ 10ನೇ ವಿಧಿಯನ್ನೂ ತೋರಿಸಿದೆವು. ತಮ್ಮ ಬದುಕಿಗೆ ಸಂಬಂಧಿಸಿದ ಯೋಜನೆ ತಯಾರಾಗುವಾಗಲೇ ಅದರಲ್ಲಿ ಭಾಗವಹಿಸೋ ಹಕ್ಕು ರೈತರಿಗಿದೆ ಅಂತ ಅದರಲ್ಲಿದೆ. ಅಂತರರಾಷ್ಟ್ರೀಯ ಸಹಕಾರಿ ಒಕ್ಕೂಟದ 4ನೇ ತತ್ವವೂ ನೆರವಿಗೆ ಬಂತು: ಸಹಕಾರಿ ಸಂಘ ಹೊರಗಿನಿಂದ ಬಂಡವಾಳ ತಂದರೂ ಹಿಡಿತ ಸದಸ್ಯರ ಕೈಯಲ್ಲೇ ಇರಬೇಕು.

ಹಗ್ಗಜಗ್ಗಾಟ ತಿಂಗಳುಗಟ್ಟಲೆ ನಡೀತು. ಕರಡಿನಲ್ಲಿ ಎಲ್ಲೆಲ್ಲಿ ‘ಫಲಾನುಭವಿ’ ಅಂತ ಇತ್ತೋ ಅಲ್ಲೆಲ್ಲ ‘ಸದಸ್ಯರು’ ಅಂತ ಮಾಡಿಸಿದೆವು. ಸುಮ್ನೆ ಪದದ ಜಗಳ ಅಂತ ಕೆಲವರಿಗೆ ಅನ್ನಿಸಿತು, ಆದರೆ ಫಲಾನುಭವಿ ಲೆಕ್ಕ ಕೇಳೋಕಾಗಲ್ಲ, ಸದಸ್ಯ ಕೇಳಬಹುದು, ಅಲ್ವಾ? ಬಿತ್ತನೆಗೆ ಮೂರು ತಿಂಗಳು ಮುಂಚೆ ಕಂತು ಬರಬೇಕು, ವರದಿ ಆಮೇಲೆ ಅಂತ ಬರೆಸಿದೆವು. ಅದಕ್ಕೆ ಬದಲಾಗಿ ಅವರು ಯಾವಾಗ ಬೇಕಾದರೂ ಬಂದು ಪುಸ್ತಕ ನೋಡಬಹುದು ಅಂತ ಒಪ್ಪಿಕೊಂಡೆವು. ಲೆಕ್ಕಿಗನ ಸಂಬಳ ಮೊದಲ ವರ್ಷ ಪೂರ್ತಿ ಅವರದು, ಮೂರನೇ ವರ್ಷ ಅರ್ಧ ನಮ್ಮದು. ಆ ಅರ್ಧವನ್ನು ಸಂಘದ ಮಾರಾಟದ ಲಾಭದಿಂದ ತೆಗೆದಿಟ್ಟೆವು. ಅವರು ಕೇಳಿದ ಒಂದಕ್ಕೆ ಮಾತ್ರ ಕೊನೆವರೆಗೂ ಒಪ್ಪಲಿಲ್ಲ. ಸಂಘದ ಆಡಳಿತ ಮಂಡಳಿಯಲ್ಲಿ ಅವರಿಗೆ ಕುರ್ಚಿ ಕೊಡಲಿಲ್ಲ.

ಬದಲಿಗೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆಗೆ ಬಂದು ಸಂಸ್ಥೆಯವರೂ ತಮ್ಮ ಕಡೆಯ ಖರ್ಚು ಹೇಳಬೇಕು ಅಂತಾಯ್ತು. ಎರಡನೇ ವರ್ಷದ ಸಭೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ಸದಸ್ಯೆ ಎದ್ದು ನಿಂತರು. ‘ನಿಮ್ಮ ಓಡಾಟದ ಖರ್ಚು ನಮ್ಮ ಟಾರ್ಪಾಲಿನ ಖರ್ಚಿಗಿಂತ ಜಾಸ್ತಿ ಯಾಕಿದೆ, ಸಾರ್?’ ಅಂದರು. ಅಧಿಕಾರಿ ಸಿಟ್ಟಾಗಲಿಲ್ಲ. ಬರೆದುಕೊಂಡರು, ಒಂದೊಂದಾಗಿ ಲೆಕ್ಕ ವಿವರಿಸಿದರು. ಮುಂದಿನ ವರ್ಷದ ಬಜೆಟ್ ಬಂದಾಗ ಆ ಸದಸ್ಯೆ ಮೊದಲು ತಿರುಗಿಸಿ ನೋಡಿದ್ದು ಅದೇ ಪುಟ. ಓಡಾಟದ ಖರ್ಚು ಇಳಿದಿತ್ತು.