ಒಂದೇ ಹಾಡು, ಬೇರೆ ಬೇರೆ ದಿನ: ಹೋಲಿಸಿ ಕೇಳುವುದು ಹೇಗೆ

ಹೋಲಿಸಿ ಕೇಳುವುದನ್ನು ನಾನು ಕಲಿತಿದ್ದು ಅಪ್ಪನ ಭಜನೆ ಮೇಳದಲ್ಲಿ. ಅದೇ ತತ್ವಪದ, ಅದೇ ಐದು ಜನ. ಆದರೆ ಸೋಮವಾರ ಗುಡಿಯಲ್ಲಿ ಹಾಡಿದ್ದೇ ಬೇರೆ, ಸತ್ತವರ ಮನೆ ಮುಂದೆ ರಾತ್ರಿಯಿಡೀ ಹಾಡಿದ್ದೇ ಬೇರೆ. "ಇವತ್ತು ತಾಳ ಎಲ್ಲಿ ಜಾರ್ತು, ಹೇಳು" ಎಂದು ಬರುವ ದಾರಿಯಲ್ಲಿ ಅಪ್ಪ ಕೇಳುತ್ತಿದ್ದರು.

ಈಗ ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಜೀನ್ಸ್ ಹೊಲಿಯುವ ಕೆಲಸ ಮುಗಿಸಿ ಮನೆಗೆ ಬಂದ ಮೇಲೆ ಗ್ರೇಟ್‌ಫುಲ್ ಡೆಡ್ ಕೇಳುತ್ತೇನೆ. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಬ್ಯಾಂಡ್ ಅದು. 1995ರವರೆಗೆ ಎರಡು ಸಾವಿರಕ್ಕೂ ಜಾಸ್ತಿ ಕಚೇರಿ ಕೊಟ್ಟರು. ಹಾಡಿನ ನಡುವೆ ಅಲ್ಲೇ ಹೊಸದಾಗಿ ಕಟ್ಟುತ್ತಾ ನುಡಿಸುವುದು ಅವರ ರೀತಿ. ಬಂದವರು ರೆಕಾರ್ಡ್ ಮಾಡಿಕೊಳ್ಳಲು ಬಿಡುತ್ತಿದ್ದರು, 1984ರಿಂದ ಅವರಿಗೆ ಬೇರೆ ಜಾಗವನ್ನೇ ಕೊಟ್ಟರು. ಆ ಟೇಪುಗಳು ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಸಿಗುತ್ತವೆ.

ಇಪ್ಪತ್ತು ಕಚೇರಿ ಒಟ್ಟಿಗೆ ಇಳಿಸಿಕೊಳ್ಳಬೇಡಿ. ಒಂದು ಹಾಡು ಹಿಡಿಯಿರಿ, ಎರಡು ತಾರೀಖು ಸಾಕು. 'ಡಾರ್ಕ್ ಸ್ಟಾರ್' ತೆಗೆದುಕೊಳ್ಳಿ. 1968ರ ಸಣ್ಣ ರೆಕಾರ್ಡ್‌ನಲ್ಲಿ ಅದು ಮೂರು ನಿಮಿಷವೂ ಇಲ್ಲ. ಅದನ್ನು ಬಾಯಿಪಾಠವಾಗುವಷ್ಟು ಕೇಳಿ. ಮೂಲ ದಾರಿ ಗೊತ್ತಿಲ್ಲದಿದ್ದರೆ ಎಲ್ಲಿ ದಾರಿ ಬಿಟ್ಟರು ಅಂತ ಹೇಗೆ ಗೊತ್ತಾಗಬೇಕು, ಅಲ್ವಾ? ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದ 1969ರ ಫೆಬ್ರವರಿ 27, ಸುಮಾರು 23 ನಿಮಿಷ. ನಂತರ ಆರೆಗಾನ್‌ನ ವೆನೀಟಾದ 1972ರ ಆಗಸ್ಟ್ 27, ಅರ್ಧ ಗಂಟೆ ದಾಟುತ್ತದೆ.

ಕೇಳುವ ಮುಂಚೆ ಅವತ್ತು ಯಾರು ನುಡಿಸಿದರು ಎಂದು ಬರೆದುಕೊಳ್ಳಿ. 1969ರಲ್ಲಿ ಇಬ್ಬರು ಡ್ರಮ್ಮರ್‌ಗಳು, ಟಾಮ್ ಕಾನ್‌ಸ್ಟಾಂಟನ್ ಅವರ ಆರ್ಗನ್. 1972ರಲ್ಲಿ ಬಿಲ್ ಕ್ರೂಟ್ಸ್‌ಮನ್ ಒಬ್ಬರೇ ಡ್ರಮ್ಸ್‌ಗೆ, ಕೀತ್ ಗೋಡ್‌ಶೋ ಪಿಯಾನೋಗೆ. ಒಬ್ಬರೇ ಇದ್ದಾಗ ತಾಳ ಎಷ್ಟು ಹಗುರಾಗಿ ತಿರುಗುತ್ತದೆ ನೋಡಿ. ಇದು ತಿಳಿಯದೆ ಒಂದು ವರ್ಷ ನಾನು "1972ರಲ್ಲಿ ಗಿಟಾರ್ ನುಡಿಸುವ ಜೆರ್ರಿ ಗಾರ್ಸಿಯಾ ಕೈ ಚುರುಕಾಗಿದೆ" ಎಂದುಕೊಂಡಿದ್ದೆ. ಬದಲಾಗಿದ್ದು ಅವರ ಕೈ ಅಲ್ಲ, ಅದರ ಕೆಳಗಿನ ನೆಲ.

ಟೇಪಿನ ಗುಣವನ್ನೂ ಹಾಡಿನ ಗುಣವನ್ನೂ ಬೆರೆಸಬೇಡಿ. ವೇದಿಕೆಯ ಸದ್ದು ಬೆರೆಸುವ ಮಿಕ್ಸರ್‌ನಿಂದ ನೇರ ತೆಗೆದದ್ದರಲ್ಲಿ ಪ್ರತಿ ವಾದ್ಯ ಬಿಡಿಬಿಡಿಯಾಗಿ ಕೇಳುತ್ತದೆ, ಜನರ ಸದ್ದು ಕಮ್ಮಿ. ಜನರ ನಡುವೆ ಮೈಕ್ ಇಟ್ಟು ತೆಗೆದದ್ದರಲ್ಲಿ ಸಭಾಂಗಣದ ಗುಂಯ್ ಇರುತ್ತದೆ. ಸಾಧ್ಯವಾದರೆ ಒಂದೇ ಬಗೆಯದನ್ನು ಪಕ್ಕಪಕ್ಕ ಇಡಿ. ವಾಲ್ಯೂಮ್ ಸಮ ಮಾಡಿಕೊಳ್ಳಿ. ಜೋರಾಗಿರುವುದು ಸುಮ್ನೆ ಚೆನ್ನಾಗಿ ಕೇಳುತ್ತದೆ.

ಟೇಪು ಜೋರಾಗಿ ಓಡಿದ್ದರೆ ಹಾಡೂ ಚುರುಕಾಗಿ ಕೇಳುತ್ತದೆ. ಇದಕ್ಕೆ ನನಗೆ ಅಪ್ಪನ ಹಾರ್ಮೋನಿಯಂ ಇದೆ. 'ಡಾರ್ಕ್ ಸ್ಟಾರ್' ನಿಲ್ಲುವ ಸ್ವರ ಆರನೇ ಬಿಳಿ ಮನೆ. ಅದನ್ನು ಒತ್ತಿ ಹಿಡಿದು ಕೇಳಿ. ಟೇಪು ಪಕ್ಕದ ಕಪ್ಪು ಮನೆಯತ್ತ ಏರಿದ್ದರೆ ಆ ಪ್ರತಿ ಬಿಟ್ಟು ಬೇರೆ ಹುಡುಕಿ. ಸ್ವಲ್ಪ ಆಚೀಚೆ ಇದ್ದರೆ ಬಿಡಿ. ವೆನೀಟಾದಲ್ಲಿ ಬಿಸಿಲಿಗೆ ಗಿಟಾರ್ ಶ್ರುತಿಯೇ ಕೆಡುತ್ತಿತ್ತು. ಮೇ ತಿಂಗಳ ಬಳ್ಳಾರಿಯಲ್ಲಿ ಕೂತು ಅದನ್ನು ಕೇಳಿದಾಗ ಆ ತಂತಿಗಳ ಕಷ್ಟ ನನಗೆ ಮೈಗೆ ತಾಗುತ್ತದೆ. (ಒಂದು ಹಾಲಿನ ಡೈರಿಗೆ ನೆರವಾಗಲು ಮಾಡಿದ ಕಚೇರಿ ಅದು!)

ಆಮೇಲೆ ಮೂರು ಸಲ ಕೇಳಿ. ಮೊದಲ ಸಲ ಏನೂ ಬರೆಯಬೇಡಿ. ಎರಡನೇ ಸಲ ಫಿಲ್ ಲೆಶ್ ಅವರ ಬೇಸ್ ಒಂದನ್ನೇ ಹಿಂಬಾಲಿಸಿ. ತಿರುವು ಬಹಳ ಸಲ ಅಲ್ಲೇ ಮೊದಲು ಸಿಗುತ್ತದೆ. ಮೂರನೇ ಸಲ ನಿಮಿಷ ಬರೆದುಕೊಳ್ಳಿ: ಹಾಡಿನ ಸಾಲು ಯಾವಾಗ ಬಂತು, ದಾರಿ ಎಲ್ಲಿ ಬಿಟ್ಟರು, ಯಾವುದಕ್ಕೆ ಹೊರಳಿದರು. 1969ರಲ್ಲಿ ಅದು 'ಸೇಂಟ್ ಸ್ಟೀಫನ್'ಗೆ ಸೇರುತ್ತದೆ. ವೆನೀಟಾದಲ್ಲಿ 'ಎಲ್ ಪಾಸೊ' ಎಂಬ ದನಗಾಹಿಗಳ ಹಾಡಿಗೆ ಇಳಿಯುತ್ತದೆ. ಅಷ್ಟು ದೂರ ಹಾರಿ ಅಂಥ ನೆಲಕ್ಕೆ ಕಾಲಿಡುವುದು ನನಗೆ ಜಾಸ್ತಿ ಇಷ್ಟ.

ಇದಾದ ಮೇಲೆ ಕಾರ್ನೆಲ್ ವಿಶ್ವವಿದ್ಯಾಲಯದ 1977ರ ಮೇ 8ಕ್ಕೆ ಹೋಗಿ. ಅಲ್ಲಿ 'ಸ್ಕಾರ್ಲೆಟ್ ಬೆಗೋನಿಯಾಸ್' ನಿಲ್ಲದೆ 'ಫೈರ್ ಆನ್ ದಿ ಮೌಂಟನ್' ಆಗುತ್ತದೆ. ಒಂದು ಮುಗಿದು ಇನ್ನೊಂದು ಶುರುವಾದ ಕ್ಷಣ ಯಾವುದು ಎಂದು ಬರೆದುಕೊಳ್ಳಿ. ನಾನು ಮೂರು ಸಲ ಬರೆದಿದ್ದೇನೆ. ಮೂರೂ ಬೇರೆ ಬೇರೆ.