ಒಂದು ಕೀ ಕೈಲಿರುವಾಗಲೇ ಕಾರಿಗೆ ಇನ್ನೊಂದು ಕೀ ಮಾಡಿಸ್ಕೊಂಡಿದ್ದು – ನನ್ನ ಅನುಭವ

ನಾನು ತಗೊಂಡಿದ್ದು ಸೆಕೆಂಡ್ ಹ್ಯಾಂಡ್ ಕಾರು, ಅದರ ಜೊತೆ ಬಂದಿದ್ದು ಒಂದೇ ಕೀ, ಹಳೇ ಓನರ್ ಹತ್ರ ಇನ್ನೊಂದು ಇರ್ಲೇ ಇಲ್ಲ. ಕಳೆದೋದಾಗ ನೋಡ್ಕೊಂಡ್ರಾಯ್ತು ಬಿಡಿ ಅಂತ ಸುಮಾರು ಜನ ಅಂದ್ರು, ನಾನು ಒಪ್ಲಿಲ್ಲ. ಯಾಕಂದ್ರೆ ಓಡ್ತಿರೋ ಒಂದು ಕೀ ಕೈಲಿದ್ರೆ ಇನ್ನೊಂದು ಸೇರ್ಸೋದು ಬಹಳಷ್ಟು ಗಾಡಿಗಳಲ್ಲಿ ಸಲೀಸು, ಇರೋ ಕೀ ಎಲ್ಲಾ ಹೋದ್ಮೇಲೆ ಮಾಡ್ಸೋದು ಬೇರೇನೇ ಕೆಲಸ. ಆಗ ಗಾಡಿನ ಟೋ ಮಾಡಿಸ್ಬೇಕು, ಇಲ್ಲ ಕೀ ಮಾಡೋರನ್ನ ಗಾಡಿ ನಿಂತಿರೋ ಜಾಗಕ್ಕೇ ಕರೆಸ್ಬೇಕು, ಕೆಲವು ಮಾಡೆಲ್‌ಗಳಲ್ಲಂತೂ ಡ್ಯಾಶ್‌ಬೋರ್ಡ್ ಬಿಚ್ಚಿ ಇಮ್ಮೊಬಿಲೈಸರ್ ಬಾಕ್ಸ್ (ಸರಿಯಾದ ಕೀ ಇಲ್ದೆ ಎಂಜಿನ್ ಸ್ಟಾರ್ಟ್ ಆಗದಂಗೆ ತಡೆಯೋದು) ಹೊರಗೆ ತೆಗೆದು ಅದರ ಮೆಮೊರಿ ಓದಿ ಆಮೇಲೆ ಕೀ ಮಾಡ್ಬೇಕಾಗುತ್ತೆ. ಖರ್ಚೂ ಜಾಸ್ತಿ, ಟೈಮೂ ಜಾಸ್ತಿ.

ಮಾಡ್ಸೋಕೆ ಹೋಗೋ ಮುಂಚೆ ಒಂದು ವಿಷಯ ತಲೆಗೆ ಹಾಕ್ಕೊಳ್ಳಿ, ಕೀ ಅಂದ್ರೆ ಒಂದು ವಸ್ತು ಅಲ್ಲ, ಒಂದೇ ಡಬ್ಬಿಲಿರೋ ಮೂರು ವಸ್ತು. ಬೀಗ ತಿರುಗ್ಸೋ ಬ್ಲೇಡು, ಎಂಜಿನ್ ಸ್ಟಾರ್ಟ್ ಆಗೋಕೆ ಬಿಡೋ ಚಿಪ್ಪು, ಡೋರ್ ಲಾಕ್ ಮಾಡೋ ರಿಮೋಟು. ಮೂರಕ್ಕೂ ಕೆಲಸ ಬೇರೆ ಬೇರೆ, ಒಂದು ಸರಿ ಆಯ್ತು ಅಂದ್ರೆ ಇನ್ನೆರಡೂ ಸರಿ ಆಯ್ತು ಅಂತಲ್ಲ. ಚಿಪ್ಪಿಗೆ ಸೆಲ್ಲೇ ಬೇಕಾಗಿಲ್ಲ. ಇಗ್ನಿಷನ್ ಬೀಗದ ಸುತ್ತ ಒಂದು ಕಾಯಿಲ್ ಇರುತ್ತೆ, ಕೀ ಹಾಕಿ ಆನ್ ಮಾಡಿದ ತಕ್ಷಣ ಅದು ಸಾಮಾನ್ಯವಾಗಿ 125 ಕಿಲೋಹರ್ಟ್ಸ್‌ನಲ್ಲಿ ಚಿಪ್ಪಿಗೆ ಪವರ್ ಕೊಟ್ಟು ಎಬ್ಬಿಸುತ್ತೆ, ಚಿಪ್ಪು ವಾಪಸ್ ಉತ್ತರ ಕೊಡುತ್ತೆ. ಅದಕ್ಕೇ ರಿಮೋಟ್ ಸೆಲ್ ಸತ್ತಿದ್ರೂ ಗಾಡಿ ಸ್ಟಾರ್ಟ್ ಆಗುತ್ತೆ. ಯುರೋಪ್‌ನಲ್ಲಿ 1998ರಿಂದ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯ ಆಯ್ತು. ಮೊದಮೊದಲು ಬಂದ ಚಿಪ್ಪುಗಳು ಪ್ರತಿ ಸಲ ಅದೇ ನಂಬರ್ ಹೇಳ್ತಿದ್ವು, ಅವನ್ನ ಕಾಪಿ ಹೊಡೆಯೋದು ಸುಲಭ. ಆಮೇಲಿನವುಗಳಲ್ಲಿ ಗಾಡಿ ಪ್ರತಿ ಸಲ ಹೊಸ ನಂಬರ್ ಕೊಟ್ಟು ಲೆಕ್ಕ ಕೇಳುತ್ತೆ, ಚಿಪ್ಪು ತನ್ನೊಳಗಿನ ಗುಟ್ಟಿನ ಕೋಡ್ ಇಟ್ಕೊಂಡು ಲೆಕ್ಕ ಮಾಡಿ ಹೇಳ್ಬೇಕು. ಇಂಥದ್ದಕ್ಕೆ ಸಾಮಾನ್ಯವಾಗಿ ಹೊಸ ಚಿಪ್ಪನ್ನ ಗಾಡಿಗೇ ಪರಿಚಯ ಮಾಡಿಸ್ಬೇಕು, ಪ್ರೋಗ್ರಾಮಿಂಗ್ ಅಂತ ದುಡ್ಡು ತಗೊಳ್ಳೋದು ಇದಕ್ಕೇ.

ಬ್ಲ್ಯಾಂಕ್ ಕೀ, ಅಂದ್ರೆ ಇನ್ನೂ ಕಟ್ ಮಾಡದೇ ಇರೋ ಕೀ, ಕೊಳ್ಳುವಾಗ ನೋಟಕ್ಕೆ ಒಂದೇ ಥರ ಇದೆ ಅಂತ ತಗೋಬೇಡಿ. ಹಳೇ ಕೀ ಕವರ್ ಬಿಚ್ಚಿ ಒಳಗಿನ ಬೋರ್ಡ್ ನೋಡ್ದೆ, ರಿಮೋಟ್ 433 ಮೆಗಾಹರ್ಟ್ಸ್‌ದು. ಅದೇ ಕಾರು ಬೇರೆ ದೇಶದ ಮಾರ್ಕೆಟ್‌ನಲ್ಲಿ 315 ಇರಬಹುದು, ಒಂದರ ರಿಮೋಟ್ ಇನ್ನೊಂದಕ್ಕೆ ಕೇಳ್ಸೋದೇ ಇಲ್ಲ. ಬಿಚ್ಚುವಾಗ ಹುಷಾರು, ಕೆಲವು ಕೀಗಳಲ್ಲಿ ಚಿಪ್ಪು ಬೋರ್ಡ್ ಮೇಲೆ ಇರಲ್ಲ, ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದಾಗಿ ಪ್ಲಾಸ್ಟಿಕ್ಕಿನ ಒಂದು ಗೂಡಲ್ಲಿ ಸಪರೇಟಾಗಿ ಕೂತಿರುತ್ತೆ, ಬಿದ್ದೋದ್ರೆ ಹುಡ್ಕೋದು ಕಷ್ಟ. ಇನ್ನೊಬ್ರು ಬಳಸಿದ ಕೀನೂ ನಾನು ಬೇಡ ಅಂದೆ, ಎಷ್ಟೋ ಮಾಡೆಲ್‌ಗಳಲ್ಲಿ ಒಂದ್ಸಲ ಒಂದು ಗಾಡಿಗೆ ಸೇರಿದ ಕೀ ಅದಕ್ಕೇ ಲಾಕ್ ಆಗಿರುತ್ತೆ.

ಬ್ಲೇಡ್ ಕಟಿಂಗು ನಾನು ಪಕ್ಕದಲ್ಲೇ ನಿಂತು ನೋಡಿದ್ದು. ನಂದು ಅಂಚಲ್ಲಿ ಹಲ್ಲಿರೋ ಕೀ ಅಲ್ಲ, ಬ್ಲೇಡಿನ ಮಧ್ಯೆ ಹಾವಿನ ಥರ ಗೆರೆ ಕೊರೆದಿರೋ ಕೀ, ಇದಕ್ಕೆ ಮಷೀನೇ ಬೇರೆ. ಹಳೇ ಕೀನ ಒಂದು ಕಡೆ ಕಚ್ಚಿಸಿ ಅದರ ಜಾಡಲ್ಲೇ ಹೊಸದು ಕೊರೆಯೋದು ಒಂದು ವಿಧಾನ, ಆದ್ರೆ ವರ್ಷಗಟ್ಟಲೆ ತಿರುಗ್ಸಿ ಸವೆದಿರೋ ಕೀ ಆದ್ರೆ ಆ ಸವೆತಾನೂ ಹೊಸದಕ್ಕೆ ಬರುತ್ತೆ. ಅದಕ್ಕೆ ನಾನು ಕೋಡ್ ಪ್ರಕಾರ ಕಟ್ ಮಾಡಿ ಅಂತ ಕೇಳ್ಕೊಂಡೆ. ಒಂದು ಕೀಲಿ ಎಲ್ಲೆಲ್ಲಿ ಕಟ್ ಬರ್ಬೇಕು, ಒಂದೊಂದು ಎಷ್ಟು ಆಳ ಇರ್ಬೇಕು ಅನ್ನೋದು ಕಂಪನಿಯವರೇ ಗೊತ್ತು ಮಾಡಿರ್ತಾರೆ, ಮಧ್ಯದ ಅಳತೆ ಅಂತ ಇರಲ್ಲ. ಮಷೀನಿನ ಸೂಜಿ ಹಳೇ ಕೀನ ಅಲ್ಲಲ್ಲಿ ಮುಟ್ಟಿ ಅಳೆದು, ಸವೆದಿರೋದನ್ನ ಹತ್ತಿರದ ಸರಿಯಾದ ಅಳತೆಗೆ ಕೂರಿಸ್ಕೊಂಡು ಆಮೇಲೆ ಕೊರೆಯೋಕೆ ಶುರು ಮಾಡ್ತು. ಹೊಸ ಕಾರಿನ ಜೊತೆ ಕೆಲವು ಕಂಪನಿಗಳು ಕೀ ನಂಬರ್ ಇರೋ ಪುಟ್ಟ ಟ್ಯಾಗ್ ಕೊಡ್ತಾರೆ, ನಿಮ್ಮತ್ರ ಅದಿದ್ರೆ ಈ ಅಳತೆನೂ ಬೇಕಾಗಲ್ಲ, ಜೋಪಾನವಾಗಿ ಇಟ್ಕೊಳ್ಳಿ. ಕಟ್ ಆದ್ಮೇಲೆ ಮುಟ್ಟಿ ನೋಡಿದ್ರೆ ಅಂಚು ಚುಚ್ಚುತ್ತಿತ್ತು, ಬ್ರಷ್‌ನಲ್ಲಿ ಉಜ್ಜಿ ಲೋಹದ ಪುಡಿ ಪೂರ್ತಿ ತೆಗೆಸಿದ್ಮೇಲೇ ಬೀಗಕ್ಕೆ ಹಾಕಿದ್ದು. ಆ ಪುಡಿ ಒಳಗೆ ಹೋದ್ರೆ ಬೀಗಕ್ಕೆ ಒಳ್ಳೇದಲ್ಲ.

ಪ್ರೋಗ್ರಾಮಿಂಗ್‌ಗೆ ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ (ಗಾಡಿಯ ಕಂಪ್ಯೂಟರ್ ಜೊತೆ ಮಾತಾಡೋ ಸಾಕೆಟ್) ಮಷೀನ್ ಹಾಕ್ತಾರೆ. ಅದಕ್ಕೂ ಮುಂಚೆ ಗಾಡಿ ಬ್ಯಾಟರಿ ಚೆನ್ನಾಗಿದೆಯಾ ನೋಡಿಸ್ಕೊಳ್ಳಿ, ಕೆಲಸದ ಮಧ್ಯೆ ವೋಲ್ಟೇಜ್ ಬಿದ್ರೆ ತಲೆನೋವು, ನಾನು ಚಾರ್ಜರ್ ಹಾಕಿಸ್ಕೊಂಡೇ ಕೂತಿದ್ದೆ. ಹಳೇ ಕೀನೂ ಜೊತೆಗೇ ತಗೊಂಡೋಗಿ, ಕೆಲವು ಗಾಡಿಗಳಲ್ಲಿ ಇದ್ದ ಕೀ ಎಲ್ಲಾ ಅಳಿಸಿ ಮತ್ತೆ ಮೊದಲಿಂದ ಸೇರಿಸ್ಬೇಕಾಗುತ್ತೆ.

ಇಲ್ಲೇ ನನಗೆ ನಿಜವಾಗ್ಲೂ ಉಪಯೋಗ ಆಗಿದ್ದು. ಗಾಡಿ ಮೆಮೊರಿ ಓದಿದಾಗ ಸ್ಕ್ರೀನ್ ಮೇಲೆ ಬಂತು, ರಿಜಿಸ್ಟರ್ ಆಗಿರೋ ಕೀ 2. ನನ್ನ ಕೈಲಿರೋದು ಒಂದು. ಅಂದ್ರೆ ಎಲ್ಲೋ ಯಾರ ಹತ್ರನೋ ಇರೋ ಇನ್ನೊಂದು ಕೀ ಅಷ್ಟು ದಿನವೂ ನನ್ನ ಗಾಡಿ ಸ್ಟಾರ್ಟ್ ಮಾಡ್ಬಹುದಿತ್ತು. ಎಲ್ಲಾ ಅಳಿಸಿ, ನನ್ನತ್ರ ಇರೋ ಹಳೇದು ಹೊಸದು ಎರಡನ್ನೇ ಸೇರಿಸಿ ಅಂದೆ, ಸೇರಿಸಿದ್ರು. ಈಗ ಆ ಕಳೆದ ಕೀಯಿಂದ ಎಂಜಿನ್ ಸ್ಟಾರ್ಟ್ ಆಗಲ್ಲ, ಆದ್ರೆ ಬ್ಲೇಡ್ ಅದೇ ಇರೋದ್ರಿಂದ ಡೋರ್ ತೆಗೆಯುತ್ತೆ, ಹಾಗಾಗಿ ಬೆಲೆಬಾಳೋದನ್ನ ಗಾಡಿಲಿ ಬಿಡಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡಿರೋರು ಕೀ ಬೇಡ ಅಂದ್ರೂ ಪರವಾಗಿಲ್ಲ, ಈ ಲೆಕ್ಕ ಒಂದು ನೋಡಿಸ್ಕೊಳ್ಳಿ.

ದುಡ್ಡು ಕೊಡೋ ಮುಂಚೆ ಅಲ್ಲೇ ಟೆಸ್ಟ್ ಮಾಡಿ. ಹಳೇ ಕೀನ ಗಾಡಿಯಿಂದ ದೂರ ಯಾರ ಕೈಲಾದ್ರೂ ಕೊಟ್ಟು ಹೊಸದ್ರಲ್ಲಿ ಸ್ಟಾರ್ಟ್ ಮಾಡ್ಬೇಕು, ಎರಡೂ ಒಂದೇ ರಿಂಗಲ್ಲಿದ್ರೆ ಕಾಯಿಲ್ ಹಳೇ ಚಿಪ್ಪನ್ನೇ ಓದಿ ಎಲ್ಲಾ ಸರಿ ಅನ್ನಿಸ್ಬಿಡಬಹುದು. ಚಿಪ್ ಒಪ್ಪದಿದ್ರೆ ಕೆಲವು ಗಾಡಿಗಳು ಸ್ಟಾರ್ಟ್ ಆದಂಗೆ ಆಗಿ ಒಂದೆರಡು ಸೆಕೆಂಡಲ್ಲಿ ಆಫ್ ಆಗುತ್ವೆ, ಅದಕ್ಕೆ ಸ್ವಲ್ಪ ಹೊತ್ತು ಎಂಜಿನ್ ಓಡಲಿ ಬಿಡಿ. ಆಮೇಲೆ ಬ್ಲೇಡಿಂದಾನೇ ಡೋರ್ ಲಾಕ್ ತಿರುಗ್ಸಿ ನೋಡಿ, ಅಲ್ಲಾಡಿಸ್ದೆ ಒಂದೇ ಸಲಕ್ಕೆ ತಿರುಗ್ಬೇಕು, ನಂತರ ರಿಮೋಟು, ಡಿಕ್ಕಿ. ಇದೆಲ್ಲಾ ಮುಗಿಯೋವರ್ಗೂ ಒಂದು ಕಿಟಕಿ ಗ್ಲಾಸ್ ಇಳಿಸಿಟ್ಟಿರಿ, ಕೀ ಒಳಗೇ ಇದ್ದು ಡೋರ್ ಲಾಕ್ ಆದ್ರೂ ಕೈ ಹಾಕಿ ತೆಗೀಬಹುದು.

ಬಜೆಟ್ ಕಮ್ಮಿ ಇದ್ರೆ ರಿಮೋಟ್ ಇಲ್ದೆ ಬ್ಲೇಡು ಚಿಪ್ಪು ಇರೋ ಸಾದಾ ಕೀ ಮಾಡಿಸ್ಕೊಂಡ್ರೂ ಸಾಕು, ಅದೂ ಗಾಡಿ ಓಡಿಸುತ್ತೆ. ನಾನು ಹೊಸ ಕೀನೇ ದಿನಾ ಬಳಸ್ತಿದೀನಿ, ಹಳೇದು ಮನೇಲಿದೆ, ಕಟಿಂಗ್ ಕೋಡ್ ಬರೆಸ್ಕೊಂಡ ಚೀಟಿ ಮಾತ್ರ ಕೀ ಜೊತೆ ಇಡ್ದೆ ಬೇರೆ ಕಡೆ ಇಟ್ಟಿದೀನಿ.